ತಪ್ಪೊಪ್ಪಿಕೊಂಡಂತೆ ಕಾಣುವ ಮುಖ

ನಾಯಿ ಚಪ್ಪಲಿ ಕಡಿದು ಹಾಕಿದೆ. ನಾವು ಬಾಗಿಲು ತೆಗೆದೊಡನೆ ಕಿವಿ ಇಳಿಬಿಟ್ಟು, ಬಾಲ ಮುದುರಿ ಮೂಲೆ ಸೇರುತ್ತದೆ. “ನೋಡಿ, ಮಾಡಿದ್ದು ತಪ್ಪು ಅಂತ ಅದಕ್ಕೇ ಗೊತ್ತು” ಎನ್ನುತ್ತಾ ಕೋಲು ಹುಡುಕುತ್ತೇವೆ.

ಈ ಮುಖವನ್ನು ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಪರೀಕ್ಷೆಗೆ ಒಡ್ಡಿದರು. ಅವರ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ತಿನ್ನಬೇಡವೆಂದು ನಾಯಿಗೆ ಹೇಳಿ, ತಿಂಡಿ ಬಿಟ್ಟು ಯಜಮಾನರು ಹೊರಹೋಗಬೇಕು. ನಾಯಿ ತಿಂದಿತೋ ಇಲ್ಲವೋ ಎಂಬುದನ್ನು ಅವರಿಗೆ ಕೆಲವೊಮ್ಮೆ ಬೇಕೆಂದೇ ತಪ್ಪಾಗಿ ಹೇಳಲಾಗುತ್ತಿತ್ತು. ಆ ಮುಖ ಹೆಚ್ಚಾಗಿ ಕಂಡದ್ದು ಬೈಗುಳ ಬಿದ್ದಾಗ. ತಿಂದಿದೆಯೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಮುಟ್ಟದೆಯೂ ಬೈಸಿಕೊಂಡ ನಾಯಿಗಳ ಮುಖ ಇನ್ನೂ ಹೆಚ್ಚು ಬಾಡಿತ್ತು! ನಾವು ಪಶ್ಚಾತ್ತಾಪ ಎಂದುಕೊಂಡದ್ದು ಬಹುಶಃ ನಮ್ಮ ಸಿಟ್ಟಿನ ಭಯ.

ಹೆದರಿಸಿ ಕಲಿಸಿದರೆ ಏನಾಗುತ್ತದೆ ಎಂಬುದನ್ನೂ ಅಳೆದಿದ್ದಾರೆ. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ನಡೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಗದರಿಸಿ, ಪಟ್ಟಿ ಜಗ್ಗಿ ಕಲಿಸಿದ ನಾಯಿಗಳ ಜೊಲ್ಲಿನಲ್ಲಿ ಪಾಠದ ನಂತರ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರಿತ್ತು.

ಗದರಿಸುವ ಬದಲು ತಿಂಡಿ ಕೊಟ್ಟು ಕಲಿಸಬಹುದು. ಅದು ಲಂಚವಲ್ಲವೇ ಎಂದು ಕೇಳುವವರಿದ್ದಾರೆ. ಸಂಬಳ ಎನ್ನಿ, ಸರಿಹೋಗುತ್ತದೆ. “ಕೂತ್ಕೋ” ಎಂದಾಗ ಕೂತರೆ ತಕ್ಷಣ ಕೊಡಬೇಕು. ತಡವಾದರೆ ಯಾತಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯದು. ಮೈಮೇಲೆ ಹಾರಿದರೆ ಮುಖ ತಿರುಗಿಸಿ ನಿಲ್ಲಿ, ನಾಲ್ಕೂ ಕಾಲು ನೆಲಕ್ಕೂರಿದಾಗ ಮೈದಡವಿ. ಪಾಠ ಗಟ್ಟಿಯಾದ ಮೇಲೆ ತಿಂಡಿ ಆಗೊಮ್ಮೆ ಈಗೊಮ್ಮೆ ಸಾಕು, ಉಳಿದಂತೆ “ಭೇಷ್” ಎಂದರಾಯಿತು.

ಚಪ್ಪಲಿಯನ್ನು ಮೇಲಿಡಿ. ತಿಂಡಿಯ ಚೂರು ಚಿಕ್ಕದಿರಲಿ. ಚಾಕೊಲೇಟ್, ದ್ರಾಕ್ಷಿ ಮಾತ್ರ ಬೇಡ. ಅವು ನಾಯಿಗೆ ವಿಷ.