ಹಳೆಯ ಚಿತ್ರಕ್ಕೆ ಹೊಸ ಚಲನೆ
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಕನ್ನಡಿಗರ ಇತಿಹಾಸದ ಬಹುಭಾಗವು ನಮ್ಮ ಮನೆಗಳ ಗೋಡೆಗಳ ಮೇಲೆಯೂ ಪೆಟ್ಟಿಗೆಗಳ ತಳದಲ್ಲಿಯೂ ಛಾಯಾಚಿತ್ರಗಳಾಗಿ ಉಳಿದಿದೆ. ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದ ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರ ನವೆಂಬರ್ 1ರಂದು ಆಂಧ್ರಪ್ರದೇಶಕ್ಕೆ ಹೋದವು. 2016ರಲ್ಲಿ ಗದ್ವಾಲವೂ 2019ರಲ್ಲಿ ನಾರಾಯಣಪೇಟೆಯೂ ಜಿಲ್ಲಾ ಕೇಂದ್ರಗಳಾದವು. ಎಲ್ಲೆಗಳು ಇಷ್ಟು ಬಾರಿ ಬದಲಾದರೂ ಚಿತ್ರದೊಳಗಿನ ಮುಖಗಳು ಇದ್ದಲ್ಲಿಯೇ ಇವೆ. ಆ ಮುಖಗಳನ್ನು ನಮ್ಮ ತರುಣರು ಇಂದು ವಿಡಿಯೋದಲ್ಲಿ ಕಾಣಿಸಲು ಹೊರಟಿರುವುದು ಸಂತೋಷದ ಸಂಗತಿ. ಅದರ ಕ್ರಮವನ್ನು ಕುರಿತು ನಾವು ನಾಲ್ಕು ಮಾತು ಹೇಳಬಯಸುತ್ತೇವೆ.

ನಿಶ್ಚಲ ಚಿತ್ರದ ಮೇಲೆ ಕ್ಯಾಮೆರಾವನ್ನು ಮೆಲ್ಲನೆ ಚಲಿಸುವಂತೆ ಮಾಡುವ ಕಲೆ ಹೊಸದಲ್ಲ. ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಲಿಯವರು 1957ರಲ್ಲಿಯೇ ‘ಸಿಟಿ ಆಫ್ ಗೋಲ್ಡ್’ ಎಂಬ ಚಿತ್ರದಲ್ಲಿ ಡಾಸನ್ ನಗರದ ಹಳೆಯ ಛಾಯಾಚಿತ್ರಗಳಿಗೆ ಹೀಗೆ ಜೀವ ತುಂಬಿದರು. 1990ರಲ್ಲಿ ಅಮೆರಿಕದ ಕೆನ್ ಬರ್ನ್ಸ್ ತಮ್ಮ ‘ದಿ ಸಿವಿಲ್ ವಾರ್’ ಸರಣಿಯಲ್ಲಿ ಇದನ್ನು ಜನಜನಿತಗೊಳಿಸಿದರು. ಆಪಲ್ ಸಂಸ್ಥೆಯ ಐಮೂವಿ ತಂತ್ರಾಂಶದಲ್ಲಿ ಈ ಪರಿಣಾಮಕ್ಕೆ ಅವರ ಹೆಸರೇ ನಿಂತಿದೆ.

ವಿಧಾನವು ಸರಳವಾದುದು. ಚಿತ್ರದ ಆರಂಭದಲ್ಲಿ ಒಂದು ಗುರುತು, ಅಂತ್ಯದಲ್ಲಿ ಒಂದು ಗುರುತು; ಇವನ್ನು ಕೀಫ್ರೇಮ್ ಎನ್ನುವರು. ಮೊದಲನೆಯದರಲ್ಲಿ ಗಾತ್ರವನ್ನು 100 ಎಂದೂ ಎರಡನೆಯದರಲ್ಲಿ 140 ಎಂದೂ ಇಟ್ಟರೆ, ನಡುವಿನದನ್ನು ತಂತ್ರಾಂಶವೇ ತುಂಬುವುದು. ಸೆಕೆಂಡಿಗೆ 25 ಫ್ರೇಮ್‌ಗಳಂತೆ 8 ಸೆಕೆಂಡಿಗೆ 200 ಫ್ರೇಮ್‌ಗಳು. ಒಂದೊಂದರಲ್ಲಿಯೂ ಬೆಳವಣಿಗೆ ಶೇಕಡ 0.2 ಮಾತ್ರ. ಆದಿ ಅಂತ್ಯಗಳಲ್ಲಿ ವೇಗವನ್ನು ತಗ್ಗಿಸಿದರೆ ಚಲನೆಯು ಕಣ್ಣಿಗೆ ಹಿತವಾಗುವುದು. ಉಚಿತವಾಗಿ ದೊರೆಯುವ ಕೆಡೆನ್‌ಲೈವ್ ಮೊದಲಾದ ತಂತ್ರಾಂಶಗಳಲ್ಲಿಯೂ ಇದನ್ನು ಮಾಡಬಹುದು.

ಚಲನೆಯ ದಿಕ್ಕಿಗೂ ಅರ್ಥವುಂಟು. ನೇಕಾರರೊಬ್ಬರ ಚಿತ್ರದಲ್ಲಿ ಮೊದಲು ಸೀರೆಯ ಅಂಚನ್ನು ತೋರಿಸಿ, ಕ್ರಮೇಣ ಹಿಂದೆ ಸರಿದರೆ ಮಗ್ಗವು ಕಾಣುವುದು. ಕಡೆಗೆ ದುಡಿಯುವ ಮನುಷ್ಯನು ಕಾಣುವನು. ಗದ್ವಾಲದ ಸೀರೆಯನ್ನು ಬಲ್ಲವರು ಬಹುಮಂದಿ. ಅದನ್ನು ನೇಯ್ದವರನ್ನು ಬಲ್ಲವರು ಕೆಲವರೇ. ಶಾಲೆಯ ಸಮೂಹಚಿತ್ರದಲ್ಲಾದರೋ, ಇಡೀ ಸಾಲನ್ನು ಮೊದಲು ತೋರಿಸಿ, ಬಳಿಕ ಒಂದು ಮುಖದ ಬಳಿ ಸಾರುವುದು ಯುಕ್ತ.

ಆದರೆ ಚಿತ್ರದಲ್ಲಿ ಇಲ್ಲದುದನ್ನು ಯಾವ ಜೂಮ್ ಕೂಡ ತೋರಿಸಲಾರದು. 6 ಅಂಗುಲ ಅಗಲ, 4 ಅಂಗುಲ ಎತ್ತರದ ಚಿತ್ರವನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ಅಗಲದಲ್ಲಿ ದೊರೆಯುವುದು 1800 ಪಿಕ್ಸೆಲ್. ವಿಡಿಯೋದ ಅಗಲವೇ 1920. ಹಿಗ್ಗಿಸುವುದಕ್ಕೆ ಮೊದಲೇ ಅಲ್ಲಿ ಕೊರತೆ. 600 ಚುಕ್ಕೆಗಳಾದರೆ 3600 ಪಿಕ್ಸೆಲ್ ದೊರೆತು, ಹೆಚ್ಚುಕಡಿಮೆ ಎರಡರಷ್ಟು ಹಿಗ್ಗಿಸಲು ಎಡೆಯುಂಟು. ಆದುದರಿಂದ ಮೊಬೈಲಿನಲ್ಲಿ ಹರಿದುಬಂದ ಪ್ರತಿಗೆ ತೃಪ್ತರಾಗದೆ ಮೂಲ ಚಿತ್ರವನ್ನೇ ಹುಡುಕಬೇಕು.

ಇನ್ನೊಂದು ಎಚ್ಚರಿಕೆ. ಇಂತಹ ಚಿತ್ರವು ವಿಡಿಯೋದ ಅಗಲವನ್ನು ಪೂರ್ತಿಯಾಗಿ ತುಂಬಿದಾಗ ಅದರ ಎತ್ತರದ ಸುಮಾರು ಆರರಲ್ಲೊಂದು ಪಾಲು ಕತ್ತರಿಸಿಹೋಗುವುದು. ಹಾಗೆ ಹೋಗುವವರು ಯಾರು? ಹಿಂದೆ ನಿಂತವರು, ಮುಂದೆ ನೆಲದ ಮೇಲೆ ಕುಳಿತ ಮಕ್ಕಳು. ಕುರ್ಚಿಯಲ್ಲಿ ಕುಳಿತ ಗಣ್ಯರು ಮಾತ್ರ ಉಳಿಯುವರು! ಪಕ್ಕಗಳಲ್ಲಿ ಕಪ್ಪು ಅಂಚು ಬಿಟ್ಟರೂ ಚಿಂತೆಯಿಲ್ಲ, ಒಮ್ಮೆಯಾದರೂ ಪೂರ್ಣ ಚಿತ್ರವನ್ನು ತೋರಿಸಿರಿ. ಹಾಗೆಯೇ, ಗೋಡೆಯ ಮೇಲೆ ಕನ್ನಡ, ತೆಲುಗು, ಉರ್ದು ಮೂರೂ ಫಲಕಗಳಿದ್ದಲ್ಲಿ ಕನ್ನಡವೊಂದನ್ನೇ ಹಿಗ್ಗಿಸಿ ಮಿಕ್ಕವನ್ನು ಮರೆಸಬಾರದು. ನೆರೆಯವರನ್ನು ಅಳಿಸಿ ಪಡೆದ ಅಭಿಮಾನವು ಇತಿಹಾಸವಾಗದು. ಮಸುಕಾದ ಮುಖವನ್ನು ಕೃತಕ ಬುದ್ಧಿಮತ್ತೆಯಿಂದ ತಿದ್ದಿದರೆ ಯಂತ್ರವು ಊಹಿಸಿದ ಕಣ್ಣು ಮೂಗುಗಳು ಬಂದು ಕೂಡಬಹುದು. ಅವು ನಮ್ಮ ಹಿರಿಯರವಲ್ಲ. ಮಸುಕು ಮಸುಕಾಗಿಯೇ ಇರಲಿ.

ಎಲ್ಲಕ್ಕಿಂತ ಮಿಗಿಲಾಗಿ, ಹೆಸರಿಲ್ಲದ ಮುಖವನ್ನು ಎಷ್ಟು ಹಿಗ್ಗಿಸಿದರೇನು ಫಲ? ಮೂರನೆಯ ಸಾಲಿನ ಬಾಲಕನಾರೆಂದು ಬಲ್ಲ ಅಜ್ಜ ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಸಂಖ್ಯೆ ವರ್ಷ ವರ್ಷಕ್ಕೆ ಕುಂದುತ್ತಿದೆ. ತರುಣರು ಕೀಫ್ರೇಮ್ ಇಡುವುದಕ್ಕೆ ಮೊದಲು ಚಿತ್ರವನ್ನು ಅವರ ಮುಂದಿಟ್ಟು, ಎಡದಿಂದ ಬಲಕ್ಕೆ ಸಾಲುಸಾಲಾಗಿ ಹೆಸರು, ಊರು, ವರ್ಷಗಳನ್ನು ಕೇಳಿ ಬರೆದುಕೊಳ್ಳಲಿ. ಅವರು ಹೇಳುವ ಮಾತನ್ನು ಅವರ ಧ್ವನಿಯಲ್ಲಿಯೇ ಮುದ್ರಿಸಿಕೊಂಡು ಚಿತ್ರದೊಡನೆ ಜೋಡಿಸಲಿ. ಚಲನೆಯನ್ನು ಯಂತ್ರವು ನಾಳೆಯೂ ಕೊಡುವುದು. ಹೆಸರನ್ನು ಹೇಳುವವರು ನಾಳೆ ಇರುವರೆಂಬ ಭರವಸೆಯಿಲ್ಲ. ಈ ಕಾರ್ಯವನ್ನು ಈ ವರ್ಷವೇ ಕೈಗೊಳ್ಳಬೇಕೆಂದು ತಮ್ಮೆಲ್ಲರಲ್ಲಿ ವಿನಂತಿಸುತ್ತೇವೆ.