ಬಚ್ಚಲ ಹಂಡೆಯ ಲೆಕ್ಕ

(ಗ್ರಾಮದ ಪ್ರೌಢಶಾಲೆಯಲ್ಲಿ ನಡೆದ ಪರಿಸರ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಇಂಧನ ಉಳಿತಾಯವೆಂದೊಡನೆ ದೀಪ ಆರಿಸುವ ಮಾತು ಬರುತ್ತದೆ. ಅದೂ ಬೇಕು. 60 ವ್ಯಾಟಿನ ಹಳೆಯ ಬಲ್ಬು ಸುಮಾರು 17 ಗಂಟೆಯಲ್ಲಿ ಒಂದು ಯೂನಿಟ್ ನುಂಗಿದರೆ, 9 ವ್ಯಾಟಿನ ಎಲ್‌ಇಡಿ ಬಲ್ಬು ಅದೇ ಯೂನಿಟ್ಟಿನಲ್ಲಿ ನೂರು ಗಂಟೆಗೂ ಮಿಗಿಲಾಗಿ ಉರಿಯುತ್ತದೆ. ಆದರೆ ನಮ್ಮ ಬೆಟ್ಟದ ಮೇಲೆ ನೇರವಾಗಿ ಭಾರ ಹೊರಿಸಿರುವುದು ಬಲ್ಬಲ್ಲ, ಬಚ್ಚಲ ಹಂಡೆ. ಅಡುಗೆಮನೆಗೆ ಗ್ಯಾಸ್ ಬಂದ ಮೇಲೂ ಎಷ್ಟೋ ಮನೆಗಳಲ್ಲಿ ಹಂಡೆಯ ಕೆಳಗಿನ ಬೆಂಕಿ ಆರಿಲ್ಲ.

ಮಕ್ಕಳೇ, ಒಂದು ಲೆಕ್ಕ ಮಾಡೋಣ. 40 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು 1000 ಕಿಲೋಕ್ಯಾಲರಿ ಶಾಖ ಸಾಕು. ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 3600 ಕಿಲೋಕ್ಯಾಲರಿ ಇದೆ. ಅಂದರೆ 300 ಗ್ರಾಮಿಗಿಂತ ಕಡಿಮೆ ಕಟ್ಟಿಗೆ ಸಾಲಬೇಕು. ಆದರೆ ತೆರೆದ ಒಲೆಯಲ್ಲಿ ಶಾಖದ ಹತ್ತನೆಯ ಒಂದು ಪಾಲಷ್ಟೇ ನೀರಿಗೆ ತಲುಪುವುದರಿಂದ ಮೂರು ಕಿಲೋದಷ್ಟು ಸುಡುತ್ತೇವೆ. ಉಳಿದದ್ದು ಗೋಡೆಗೆ, ಗಾಳಿಗೆ, ಒಲೆ ಊದುವ ತಾಯಿಯ ಕಣ್ಣಿಗೆ. ಹಸಿ ಕಟ್ಟಿಗೆಯಾದರೆ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಮೊದಲು ಆ ನೀರನ್ನು ಆವಿ ಮಾಡಲು ಶಾಖ ವ್ಯಯವಾಗುತ್ತದೆ.

ಪರಿಹಾರ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ಒಲೆಯನ್ನು ಹಿರಿಯರು ಬಲ್ಲರು. ಮುಚ್ಚಿದ ಬೆಂಕಿಗೂಡು, ಗಾಳಿಯಾಡಲು ಕೆಳಗೆ ಜಾಲರಿ, ಹೊಗೆಗೆ ಕೊಳವೆ: ಇದೇ ತತ್ತ್ವವನ್ನು ಹಂಡೆಯ ಒಲೆಗೂ ಅಳವಡಿಸಬಹುದು. ಅದಕ್ಕೂ ಮೊದಲು ಹಂಡೆಗೊಂದು ಮುಚ್ಚಳ, ಕಟ್ಟಿಗೆಗೆ ಒಂದು ಬೇಸಿಗೆಯ ಬಿಸಿಲು. ಇವೆರಡಕ್ಕೆ ಯಾವ ಸಬ್ಸಿಡಿಯೂ ಬೇಡ!

ಕೃಷಿಯವನಾದ ನನಗೆ ಇದರಲ್ಲಿ ಇನ್ನೊಂದು ಚಿಂತೆಯಿದೆ. ಕಟ್ಟಿಗೆ ಬರುವುದು ಬಹುಪಾಲು ಸೊಪ್ಪಿನ ಬೆಟ್ಟದಿಂದ. ಅಲ್ಲಿ ಟೊಂಗೆ ಕಡಿದಷ್ಟೂ ಅಡಿಕೆ ತೋಟಕ್ಕೆ ಸೊಪ್ಪು, ದರಕು ಕಡಿಮೆ. ಬೋಳು ನೆಲದಲ್ಲಿ ಮಳೆನೀರು ಇಂಗದೆ ಓಡುತ್ತದೆ. ಬೇಸಿಗೆಯಲ್ಲಿ ಬಾವಿಯ ನೀರು ತಳ ಸೇರುತ್ತದೆ. ಹಂಡೆಯ ಬೆಂಕಿಗೂ ತೋಟದ ಬಾಯಾರಿಕೆಗೂ ಇಷ್ಟು ಹತ್ತಿರದ ನಂಟು.

‘ಗೃಹಜ್ಯೋತಿ’ ಬಂದ ಮೇಲೆ ವಿದ್ಯುತ್ ಉಳಿಸುವುದೇಕೆ ಎಂದು ಕೇಳುವವರಿದ್ದಾರೆ. ಬಿಲ್ಲು ಶೂನ್ಯವಾದ ಮಾತ್ರಕ್ಕೆ ವಿದ್ಯುತ್ತಿನ ಬೆಲೆ ಶೂನ್ಯವಾಗದು. 1964ರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು ಶರಾವತಿ ಸೀಮೆಯಲ್ಲಿ ಇಂದಿಗೂ ಇದ್ದಾರೆ, ಅವರನ್ನೇ ಕೇಳಬಹುದು.

ಇನ್ನು ಶಾಲೆಯ ಪಾಲು. ಪ್ರತಿ ವಿದ್ಯಾರ್ಥಿಯೂ ಒಂದು ವಾರ ಮನೆಯ ಹಂಡೆಗೆ ಹಾಕುವ ಕಟ್ಟಿಗೆಯನ್ನು ತೂಗಿ ಬರೆಯಲಿ. ಮರುವಾರ ಮುಚ್ಚಳವಿಟ್ಟು, ಒಣ ಕಟ್ಟಿಗೆ ಬಳಸಿ ಮತ್ತೆ ತೂಗಲಿ. ನೀರಿನ ಕೊಡ ಎರಡೂ ವಾರ ಅಷ್ಟೇ ಇರಬೇಕು, ಇಲ್ಲವಾದರೆ ಲೆಕ್ಕ ಕೆಡುತ್ತದೆ. ಯಾರ ಮನೆಯಲ್ಲಿ ಎಷ್ಟು ಸುಟ್ಟರೆಂದು ತರಗತಿಯಲ್ಲಿ ಓದಿ ಹೇಳುವುದು ಬೇಡ, ಅದು ಸ್ಪರ್ಧೆಯಲ್ಲ. ಕಟ್ಟಿಗೆ ಹೊತ್ತು ತಂದವರು ಯಾರು ಎಂಬುದನ್ನೂ ಒಂದು ಕಾಲಮ್ಮಿನಲ್ಲಿ ಬರೆಯಿರಿ. ಅಡಿಕೆ ತೂಗುವ ತಕ್ಕಡಿ ಊರಿನಲ್ಲಿ ಹೇಗೂ ಇದೆ; ಮಳೆ ಹಿಡಿಯುವ ಮೊದಲೇ ಆರಂಭಿಸಿ.