ಸಾಲಿಯೂ ಸಾಲವೂ

(ನಮ್ಮೂರ ಶಾಲೆಯ ಅಂಗಳದಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಆಡಿದ ಮಾತುಗಳು. ಅಂದು ಬರಲಾಗದ ಓದುಗರಿಗಾಗಿ ಬರೆದುಕೊಟ್ಟಿದ್ದೇನೆ.)



ನಮ್ಮ ರಾಯಚೂರು ಸೀಮೆಯಲ್ಲಿ ಶಾಲೆಗೆ ಸಾಲಿ ಅಂತೀವಿ. ಸಾಲಿಗೂ ಸಾಲಕ್ಕೂ ಇರುವುದು ಒಂದು ಗುಡಿಸಿನ ಅಂತರ. ಇದನ್ನು ನಗಿಸಲಿಕ್ಕೆ ಹೇಳುತ್ತಿಲ್ಲ. ಊರ ಸಾಲಿ ಕೆಟ್ಟರೆ ರೈತನ ಸಾಲ ಬೆಳೆಯುತ್ತದೆ ಎಂಬ ಒಂದೇ ಮಾತು ಹೇಳಲು ನಿಂತಿದ್ದೇನೆ.

ತೊಗರಿ, ಹತ್ತಿ, ಭತ್ತದ ಬೆಲೆ ಬಿಟ್ಟು ಇವನು ಸಾಲಿಯ ಮಾತು ಯಾಕೆ ತೆಗೆದ ಅಂತ ನೀವು ಕೇಳಬಹುದು. ಕೇಳ್ರಿ, ತಪ್ಪಿಲ್ಲ. ಅದಕ್ಕೆ ಉತ್ತರ ನನ್ನ ಮನೆಯ ಲೆಕ್ಕದ ಪುಸ್ತಕದಲ್ಲೇ ಇದೆ. ಮುಚ್ಚಿಡದೆ ಓದುತ್ತೇನೆ.

2025ರ ಜೂನ್‌ನಲ್ಲಿ ನನ್ನ ಇಬ್ಬರು ಮಕ್ಕಳು ಪಟ್ಟಣದ ಒಂದು ಇಂಗ್ಲಿಷ್ ಸಾಲಿಯಲ್ಲಿದ್ದರು. ಒಬ್ಬೊಬ್ಬರಿಗೆ 22,000 ಫೀಸು, ಇಬ್ಬರಿಗೆ 44,000. ವ್ಯಾನಿಗೆ ತಲೆಗೆ ತಿಂಗಳಿಗೆ 1,000, ಹತ್ತು ತಿಂಗಳಿಗೆ 20,000. ಬಟ್ಟೆ, ಬೂಟು, ಪುಸ್ತಕ 6,000. ಒಟ್ಟು 70,000 ರೂಪಾಯಿ. ಜೂನ್ ಅಂದರೆ ನಮಗೆ ಮಿರಗದ ಮಳೆ. ಬೀಜ ಆಗಲೇ ಬೇಕು, ಗೊಬ್ಬರ ಆಗಲೇ ಬೇಕು, ಫೀಸೂ ಆಗಲೇ ಕಟ್ಟಬೇಕು. ಸೊಸೈಟಿ ಬೆಳೆಗೆ ಸಾಲ ಕೊಡುತ್ತದೆ, ಮಗಳ ಫೀಸಿಗೆ ಕೊಡುವುದಿಲ್ಲ. ಹಾಗಾಗಿ ಅಡತಿ ಅಂಗಡಿಯ ಮೆಟ್ಟಿಲು ಹತ್ತಿದೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಜನವರಿಯಲ್ಲಿ ರಾಶಿ ಮಾಡುವ ಹೊತ್ತಿಗೆ ಎಂಟು ತಿಂಗಳಿಗೆ 11,200 ಬಡ್ಡಿ ಕೂಡಿ 81,200 ಆಯಿತು.

ಈಗ ಬೆಲೆಯ ಮಾತಿಗೆ ಬರೋಣ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಸಾರಿದ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಖರೀದಿ ಕೇಂದ್ರಕ್ಕೆ ಒಯ್ದು ಕಾಯೋಣವೆಂದರೆ ಸಾಲ ಕೊಟ್ಟವನು ಕಾಯುವನೇ? ಅವನ ಅಂಗಡಿಗೇ ಹಾಕಿದೆ, ಅವನು ಹೇಳಿದ 7,000ಕ್ಕೆ. ಹನ್ನೊಂದೂವರೆ ಕ್ವಿಂಟಲಿಗೂ ಮೇಲೆ ಫೀಸಿನ ಸಾಲಕ್ಕೇ ಹೋಯಿತು. ಮಳೆಯನ್ನೇ ನಂಬಿದ ನನ್ನ ಹೊಲದಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಬಂದರೆ ಹಬ್ಬ. ಅಂದರೆ ಆರು ಎಕರೆಯಲ್ಲಿ ಸುಮಾರು ಮೂರು ಎಕರೆಯನ್ನು ನಾನು ಉತ್ತದ್ದು, ಬಿತ್ತಿದ್ದು, ಕಳೆ ತೆಗೆದದ್ದು ಸಾಲಿಯ ಸಾಲಕ್ಕೆ. ಬೆಂಬಲ ಬೆಲೆಗಾಗಿ ರಸ್ತೆ ತಡೆದವನು ನಾನೇ. ಆ ಬೆಲೆ ನನ್ನ ಕೈಗೆ ಸಿಗದಂತೆ ಮಾಡಿಕೊಂಡವನೂ ನಾನೇ.

ನಾವು ಯಾಕೆ ಮಕ್ಕಳನ್ನು ಊರ ಸಾಲಿಯಿಂದ ಬಿಡಿಸಿದೆವು? ಇಂಗ್ಲಿಷಿಗೆ ಅಂತ ಹೇಳುತ್ತೇವೆ. ಅದು ಅರ್ಧ ಸತ್ಯ. ಸರ್ಕಾರಿ ಸಾಲಿಯಲ್ಲೂ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಪುಸ್ತಕವಿದೆ. ಪುಸ್ತಕ ಬಂತು, ಅದನ್ನು ಕಲಿಸುವ ಮಾಸ್ತರು ಬರಲಿಲ್ಲ. ಯಾವ ಮಾಧ್ಯಮದಲ್ಲಿ ಓದಿಸಬೇಕು ಎಂಬುದು ತಂದೆತಾಯಿಗಳ ಆಯ್ಕೆ ಎಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿತು. ಸರಿ. ಆದರೆ ಮಾಸ್ತರಿಲ್ಲದ ಸಾಲಿ ಒಂದು ಕಡೆ, ಸಾಲ ಮಾಡಿಸುವ ಸಾಲಿ ಇನ್ನೊಂದು ಕಡೆ ಇಟ್ಟು ಆರಿಸಿಕೊಳ್ಳಿ ಅಂದರೆ ಅದಕ್ಕೆ ಆಯ್ಕೆ ಅನ್ನುತ್ತಾರೇನು?

ನಮ್ಮ ಭಾಗದ ಕಥೆ ಹಳೆಯದು. 1948ರವರೆಗೆ ಇಲ್ಲಿ ನಿಜಾಮರ ಆಳ್ವಿಕೆ, ಮೇಲಿನ ತರಗತಿಗಳಲ್ಲಿ ಉರ್ದು. ಕನ್ನಡದಲ್ಲಿ ಓದುವ ಅವಕಾಶ ನಮ್ಮ ಅಜ್ಜಂದಿರಿಗೆ ತಡವಾಗಿ ಬಂತು. ಆ ತಡವನ್ನು ತುಂಬಿಕೊಡುವ ಕೆಲಸ ಸ್ವತಂತ್ರ ಸರ್ಕಾರಗಳದ್ದಾಗಿತ್ತು. 2002ರಲ್ಲಿ ಡಿ.ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಲೆಕ್ಕ ಕೊಟ್ಟಿತು. ಅತ್ಯಂತ ಹಿಂದುಳಿದವು 39, ಅವುಗಳಲ್ಲಿ 21 ಗುಲ್ಬರ್ಗ ವಿಭಾಗದವು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ನೂರಕ್ಕೆ 88.57, ರಾಯಚೂರಿನದು 59.56, ಯಾದಗಿರಿಯದು 51.83. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡದಲ್ಲಿ ನೂರಕ್ಕೆ 91 ಮಕ್ಕಳು ಪಾಸಾದರು, ಕಲಬುರಗಿಯಲ್ಲಿ 42. ನಮ್ಮ ಮಕ್ಕಳ ತಲೆಯಲ್ಲಿ ಮಣ್ಣಿದೆಯೇ? ಇಲ್ಲ. ಅದೇ ಮಕ್ಕಳು ಬೆಂಗಳೂರಿಗೆ ದುಡಿಯಲು ಹೋಗಿ ಆರು ತಿಂಗಳಲ್ಲಿ ಕೆಲಸ ಕಲಿಯುತ್ತಾರೆ.

ಸರ್ಕಾರ ಹಣ ಹಾಕಿಲ್ಲ ಅಂತ ನಾನು ಹೇಳುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಸಂವಿಧಾನದ 371ಜೆ ಕಲಮು ಬಂತು, ಪ್ರದೇಶಾಭಿವೃದ್ಧಿ ಮಂಡಳಿ ಬಂತು. 2022ರಲ್ಲಿ ವಿವೇಕ ಯೋಜನೆಯಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆ 7,601 ಕೊಠಡಿ ಸಾರಿದರು. 2018-19ರಿಂದ ಕರ್ನಾಟಕ ಪಬ್ಲಿಕ್ ಶಾಲೆಗಳೆಂದು ಶಿಶು ತರಗತಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದಿಸುವ ಕ್ರಮ ಬಂತು. 2025-26ರ ಬಜೆಟ್ಟಿನಲ್ಲಿ ಅಂಥ ಇನ್ನೂ 500 ಶಾಲೆಗಳಿಗೆ 2,500 ಕೋಟಿ ಎಂದರು. ಅದು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಹಣ. ಸಾಲಿ ಸುಧಾರಿಸಲು ಸರ್ಕಾರ ಸಾಲ ತಂದರೆ ನಾನು ಬೇಡ ಅನ್ನುವುದಿಲ್ಲ. ಬಾವಿ ತೋಡಲು ಮಾಡಿದ ಸಾಲ, ನೀರು ಬಂದರೆ ತೀರುತ್ತದೆ. ನೀರು ಬರುತ್ತದೆಯೋ ಇಲ್ಲವೋ ಎಂಬುದೇ ಪ್ರಶ್ನೆ.

ಸಾಲಿಗೆ ನೀರು ಅಂದರೆ ಮಾಸ್ತರು. ಕಲ್ಲು, ಸಿಮೆಂಟು, ಬಣ್ಣ ಒಂದು ಸಲದ ಖರ್ಚು. ಗುತ್ತಿಗೆದಾರನಿಗೆ ಕೆಲಸ, ಉದ್ಘಾಟನೆಗೆ ಕಲ್ಲು, ಕಲ್ಲಿನ ಮೇಲೆ ಹೆಸರು. ಮಾಸ್ತರನ ಸಂಬಳ ಪ್ರತಿ ತಿಂಗಳ ಖರ್ಚು, ಮೂವತ್ತು ವರ್ಷದ ಖರ್ಚು. ಅದರ ಮೇಲೆ ಯಾರ ಹೆಸರನ್ನೂ ಕೆತ್ತಲು ಬರುವುದಿಲ್ಲ. ಅದಕ್ಕೇ ಕಟ್ಟಡಕ್ಕೆ ಹಣ ಬೇಗ ಸಿಗುತ್ತದೆ, ನೇಮಕಾತಿಗೆ ಸಿಗುವುದಿಲ್ಲ. 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು ಎಂದು ಗುರಿ ಇಟ್ಟಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ 60 ಮಕ್ಕಳವರೆಗಿನ ಕಿರಿಯ ಶಾಲೆಗೂ ಇಬ್ಬರು ಶಿಕ್ಷಕರು ಇರಲೇಬೇಕು ಎಂದಿತು. ಎರಡನೇ ಕೋಣೆ ಕಾಣುವ ಊರುಗಳಲ್ಲಿ ಎರಡನೇ ಮಾಸ್ತರನನ್ನು ಇವತ್ತಿಗೂ ಹುಡುಕಬೇಕಾಗಿದೆ.

2022ರಲ್ಲಿ ಆರರಿಂದ ಎಂಟನೇ ತರಗತಿಗೆ 15,000 ಶಿಕ್ಷಕರನ್ನು ಕರೆದರು, ಅದರಲ್ಲಿ 5,000 ನಮ್ಮ ಕಲ್ಯಾಣ ಕರ್ನಾಟಕಕ್ಕೆ. ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿ, ನೇಮಕದ ಆದೇಶ ಕೈಗೆ ಬರುವಾಗ 2023 ಮುಗಿಯುತ್ತ ಬಂದಿತ್ತು. ಆರನೇ ತರಗತಿಯ ಹುಡುಗ ಅಷ್ಟರಲ್ಲಿ ಏಳು ದಾಟಿದ್ದ. ಈ ಖಾಲಿ ಜಾಗಗಳನ್ನೆಲ್ಲ ತುಂಬುತ್ತಿರುವವರು ಅತಿಥಿ ಶಿಕ್ಷಕರು. 2025-26ರಲ್ಲಿ ರಾಜ್ಯದಲ್ಲಿ ಅವರು ಸುಮಾರು 50,000. ಪ್ರಾಥಮಿಕ ಶಾಲೆಯವರಿಗೆ ಗೌರವಧನ ತಿಂಗಳಿಗೆ 12,000 ರೂಪಾಯಿ. ಬೆಂಬಲ ಬೆಲೆಯಲ್ಲಿ ಲೆಕ್ಕ ಹಾಕಿದರೆ ಒಂದೂವರೆ ಕ್ವಿಂಟಲ್ ತೊಗರಿ. ಬೇಸಗೆ ರಜೆಗೆ ಅದೂ ಇಲ್ಲ.

ನಮ್ಮೂರ ಸಾಲಿಯ ಅಕ್ಕೋರೊಬ್ಬರು ಅಂಥವರೇ. ಎಂ.ಎ., ಬಿ.ಇಡಿ. ಓದಿದವರು. ಗೌರವಧನ ತಿಂಗಳ ತಿಂಗಳ ಬರುವುದಿಲ್ಲ, ಬಂದಾಗ ಒಟ್ಟಿಗೆ ಬರುತ್ತದೆ. ಅಷ್ಟರವರೆಗೆ ಕಿರಾಣಿ ಅಂಗಡಿಯಲ್ಲಿ ಉದ್ದರಿ. ಒಂದು ದಿನ ಕೇಳಿದೆ, ಹೆಂಗ ನಡದೈತ್ರೀ ಅಕ್ಕೋರ ಅಂತ. ಅವರು ಹೇಳಿದ ಮಾತು ಇದು: “ಅಣ್ಣಾರ, ಜೂನ್‌ನಾಗ ಬರ್ತೀನಿ, ಪರೀಕ್ಷೆ ಮುಗಿಸಿ ಬಿಡ್ತೀನಿ. ಬರೋ ವರ್ಷ ಇದ ಸಾಲಿಗೆ ಬರ್ತೀನೋ ಇಲ್ಲೋ ನನಗ ಗೊತ್ತಿಲ್ಲ. ‘ಅಕ್ಕೋರ, ಮುಂದಿನ ವರ್ಷಾನೂ ನೀವ ಇರ್ತೀರೇನ್ರೀ’ ಅಂತ ಹುಡುಗರು ಕೇಳಿದ್ರ ಏನ್ ಹೇಳ್ಲಿ?”

ರೈತ ಬಂಧುಗಳೇ, ಈ ಮಾತು ನಿಮಗೆ ಪರಿಚಯದ್ದಲ್ಲವೇ? ಬಿತ್ತುವಾಗ ಬೆಲೆ ಗೊತ್ತಿಲ್ಲ, ಮಾರಿದ ಮೇಲೆ ಹಣ ಯಾವಾಗ ಅಂತ ಗೊತ್ತಿಲ್ಲ, ಬರುವ ವರ್ಷ ಏನು ಅಂತ ಗೊತ್ತಿಲ್ಲ. ಮಾಸ್ತರುಗಳಿಗೇನು, ಕೈತುಂಬ ಸಂಬಳ ಅಂತ ಕಟ್ಟೆಯ ಮೇಲೆ ಕೂತು ನಾವು ಆಡಿಕೊಳ್ಳುತ್ತೇವೆ. ಒಂದೇ ಹಲಗೆಯ ಮುಂದೆ ನಿಂತ ಇಬ್ಬರಲ್ಲಿ ಒಬ್ಬರಿಗೆ ಸಂಬಳ, ಇನ್ನೊಬ್ಬರಿಗೆ ಗೌರವಧನ. ಈ ಭೇದವನ್ನು ನಾವು ಒಮ್ಮೆಯಾದರೂ ಪ್ರಶ್ನಿಸಿದ್ದೇವೆಯೇ? ಕಾಯಂ ಇರುವ ಮಾಸ್ತರುಗಳನ್ನಾದರೂ ಪಾಠಕ್ಕೆ ಬಿಟ್ಟಿದ್ದಾರೆಯೇ? 2025ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಅವರನ್ನೇ ಮನೆಮನೆಗೆ ಕಳಿಸಿ, ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಡ ಅಂತಲ್ಲ. ಸರ್ಕಾರದ ಯಾವ ಕೆಲಸಕ್ಕೂ ಮೊದಲು ಸಿಗುವ ಆಳು ಮಾಸ್ತರನೇ ಆಗಬೇಕೇ?

ಇನ್ನೊಂದು ಎಚ್ಚರಿಕೆ. ದೊಡ್ಡ ಶಾಲೆ ಕಟ್ಟುತ್ತೇವೆ, ಸುತ್ತಲಿನ ಸಣ್ಣ ಶಾಲೆಗಳ ಮಕ್ಕಳು ಅಲ್ಲಿಗೇ ಬರಲಿ ಎಂಬ ಯೋಚನೆ ಇದೆ. ಕೇಳಲು ಚಂದ. ಆದರೆ ಹಳ್ಳದಾಚೆಯ ತಾಂಡಾದಿಂದ ಆರು ವರ್ಷದ ಹುಡುಗಿ ನಾಲ್ಕು ಕಿಲೋಮೀಟರ್ ಹೇಗೆ ಬರಬೇಕು? ಬಸ್ಸಿಲ್ಲದ ಊರಲ್ಲಿ ಹುಡುಗ ಬಂದಾನು, ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಸಾಲಿ ಮೇಲೇರಬೇಕು ನಿಜ. ಅದಕ್ಕಾಗಿ ಸಣ್ಣ ಸಾಲಿಗೆ ಬೀಗ ಬೀಳಬಾರದು.

ಆದ್ದರಿಂದ ಬೆಲೆಯ ಬೇಡಿಕೆಯ ಜೊತೆಗೆ ಇವನ್ನೂ ಬರೆದುಕೊಳ್ಳಿ.

ಒಂದು, ಖಾಲಿ ಹುದ್ದೆಗಳನ್ನು ಕಾಯಂ ನೇಮಕದಿಂದ ತುಂಬಬೇಕು. ತುಂಬುವವರೆಗೆ ಅತಿಥಿ ಶಿಕ್ಷಕರಿಗೆ ಹನ್ನೆರಡು ತಿಂಗಳೂ, ಪ್ರತಿ ತಿಂಗಳ ಮೊದಲ ವಾರದಲ್ಲೇ ಹಣ ಕೊಡಬೇಕು.

ಎರಡು, ಒಬ್ಬರೇ ಶಿಕ್ಷಕರಿರುವ ಸಾಲಿ ಯಾವ ಊರಲ್ಲೂ ಇರಬಾರದು. ಪ್ರತಿ ಹಿರಿಯ ಪ್ರಾಥಮಿಕ ಶಾಲೆಗೆ ಇಂಗ್ಲಿಷ್ ಕಲಿಸಲು ಬಲ್ಲ ಒಬ್ಬರು ಬೇಕು.

ಮೂರು, ಊರಲ್ಲೇ ಉಳಿಯುವ ಶಿಕ್ಷಕರಿಗೆ ಮನೆ ಬೇಕು. ಅಕ್ಕೋರು ಸಂಜೆ ನಾಲ್ಕೂವರೆಯ ಬಸ್ಸು ತಪ್ಪಿದರೆ ಎಲ್ಲಿರಬೇಕು ಎಂಬುದನ್ನು ಯೋಜನೆ ಬರೆಯುವವರು ಯೋಚಿಸಿಲ್ಲ.

ನಾಲ್ಕು, ಕೊಠಡಿಗೆ ಬಂದ ಹಣವೆಷ್ಟು, ಖರ್ಚೆಷ್ಟು, ಗುತ್ತಿಗೆದಾರ ಯಾರು ಎಂಬುದನ್ನು ಸಾಲಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು.

ಹಣ ಎಲ್ಲಿಂದ ಅಂತ ಕೇಳುತ್ತಾರೆ. ರಾಷ್ಟ್ರೀಯ ಆದಾಯದಲ್ಲಿ ನೂರಕ್ಕೆ ಆರು ಭಾಗ ಶಿಕ್ಷಣಕ್ಕೆ ಹಾಕಿ ಎಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತು. 2020ರ ಶಿಕ್ಷಣ ನೀತಿಯೂ ಅದೇ ಆರರ ಮಾತಾಡಿತು. ಐವತ್ತನಾಲ್ಕು ವರ್ಷ ಅದೇ ಅಂಕಿಯನ್ನು ಬರೆದದ್ದೇ ಆಯಿತು, ಹಾಕಲಿಲ್ಲ.

ಕೊನೆಗೆ ನಮ್ಮ ತಪ್ಪು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಿಂದ ಇವೆ. ಅದರಲ್ಲಿ ಕೂರುವವರು ಮಕ್ಕಳ ತಂದೆತಾಯಿಗಳೇ, ಅಂದರೆ ನಾವೇ. ಬಿಸಿಯೂಟದ ಅಕ್ಕಿ ತೂಗಲು ಹೋದೆವು, ಏಳನೇ ತರಗತಿಯ ಹುಡುಗ ಬಾಕಿ ಲೆಕ್ಕ ಮಾಡಬಲ್ಲನೇ ಅಂತ ನೋಡಲು ಹೋಗಲಿಲ್ಲ. ಮಕ್ಕಳನ್ನು ಪಟ್ಟಣಕ್ಕೆ ಕಳಿಸಿದ ಮೇಲೆ ಸಾಲಿಯ ಚಿಂತೆಯನ್ನೂ ಬಿಟ್ಟೆವು. ಕೇಳುವ ಬಾಯಿಗಳೆಲ್ಲ ಹೊರಗೆ ಹೋದ ಮೇಲೆ ಸಾಲಿಯಲ್ಲಿ ಉಳಿದವರು ಕೂಲಿಕಾರರ ಮಕ್ಕಳು. ಅವರ ಮಾತನ್ನು ಯಾರು ಕೇಳಿಯಾರು?

ನನ್ನದು ಇನ್ನೂ ಒಂದು ತಪ್ಪಿದೆ, ಹೇಳಿಯೇ ಇಳಿಯುತ್ತೇನೆ. ಈ ಜೂನ್‌ನಲ್ಲಿ ಇಬ್ಬರ ಫೀಸು ಕಟ್ಟಲು ಆಗಲಿಲ್ಲ. ಒಬ್ಬರನ್ನು ಬಿಡಿಸಿ ಊರ ಸಾಲಿಗೆ ತಂದೆ. ಬಿಡಿಸಿದ್ದು ಮಗಳನ್ನು. ಅವಳು ಅತ್ತಿಲ್ಲ. “ಅಣ್ಣ ಯಾಕ ಅಲ್ಲೇ ಅದಾನ?” ಅಂತ ಒಂದೇ ಮಾತು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ನಿಮ್ಮ ಮನೆಯಲ್ಲೂ ಇದೇ ನಡೆದಿರಬಹುದು, ಎದೆ ಮುಟ್ಟಿ ನೋಡಿಕೊಳ್ಳಿ. ಅವಳಿಗೆ ಕೊಡಬಹುದಾದ ಉತ್ತರ ಒಂದೇ: ಅವಳು ಬಂದ ಸಾಲಿಯನ್ನು ಅಣ್ಣನ ಸಾಲಿಗಿಂತ ಕಡಿಮೆಯಾಗದಂತೆ ಮಾಡುವುದು.

ಮುಂದಿನ ತಿಂಗಳು ನಿಮ್ಮೂರ ಸಾಲಿಯ ಸಮಿತಿಯ ಸಭೆ ಯಾವ ದಿನ ಅಂತ ಇವತ್ತೇ ಹೋಗಿ ಕೇಳ್ರಿ. ಹಸಿರು ಶಾಲು ಹೆಗಲಿಗೆ ಹಾಕಿಕೊಂಡೇ ಹೋಗ್ರಿ. ಮಂಜೂರಾದ ಹುದ್ದೆ ಎಷ್ಟು, ಇರುವವರು ಎಷ್ಟು, ಖಾಲಿ ಎಷ್ಟು ಅಂತ ಬರೆದು ತರ್ರಿ. ತಾಲ್ಲೂಕಿನ ಎಲ್ಲ ಊರುಗಳ ಲೆಕ್ಕ ಕೂಡಿಸಿ, ತೊಗರಿಯ ಬೆಲೆಯ ಮನವಿಯ ಜೊತೆಗೇ ಒಯ್ದು ತಹಶೀಲ್ದಾರರ ಮೇಜಿನ ಮೇಲೆ ಇಡೋಣ.